ಕುಡಿತ ಬಿಡಲು ಸಹಾಯ ಕೇಳುವುದು ಹೇಗೆ: ಯಾವುದು ಮೊದಲು, ಯಾವುದು ಆಮೇಲೆ

"ನಾಳೆಯಿಂದ ಮುಟ್ಟಲ್ಲ" ಎಂದು ಮಗುವಿನ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿ, ಎರಡೇ ದಿನಕ್ಕೆ ಮತ್ತೆ ವೈನ್ ಶಾಪ್ ಮುಂದೆ ನಿಂತವರನ್ನು ನೀವು ನೋಡಿರುತ್ತೀರಿ. ಅದು ನೀವೇ ಆಗಿರಲೂಬಹುದು. ಮನಸ್ಸು ಗಟ್ಟಿ ಇಲ್ಲ ಅಂತ ಮನೆಯವರು ಬೈಯುತ್ತಾರೆ. ನಾನು ಕಂಡ ಮಟ್ಟಿಗೆ ಹೆಚ್ಚಿನವರು ಸೋಲುವುದು ಕ್ರಮ ತಪ್ಪಿದ್ದರಿಂದ. ಮೊದಲು ಕುಡಿತ ನಿಲ್ಲಿಸುತ್ತಾರೆ. ಮೈ ಒದ್ದಾಡುತ್ತದೆ. ತಡೆಯಲಾಗದೆ ಮತ್ತೆ ಕುಡಿಯುತ್ತಾರೆ. ಆಸ್ಪತ್ರೆಯ ಮಾತು ಬರುವುದು ಎಲ್ಲಾ ಕೈಮೀರಿದ ಮೇಲೆ.

ನಾನು ವೈದ್ಯನಲ್ಲ. ಅಕ್ಕನ ಗಂಡನನ್ನು, ಅಂದರೆ ನಮ್ಮ ಭಾವನನ್ನು ಕರೆದುಕೊಂಡು ಆಸ್ಪತ್ರೆಗೆ ಅಲೆದವನು. ಆಮೇಲೆ ಊರಿನ ಇನ್ನೂ ಕೆಲವರ ಜೊತೆ ಹೋಗಿ ಓಪಿಡಿಯಲ್ಲಿ ಕೂತವನು. ಎಲ್ಲರೂ ಎಡವುವ ಜಾಗ ಹೆಚ್ಚುಕಮ್ಮಿ ಒಂದೇ. ಅದಕ್ಕೇ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

## ಶುರು ಮಾಡುವ ಮುಂಚೆ: ಒಮ್ಮೆಲೇ ನಿಲ್ಲಿಸಬೇಡಿ

ಇದನ್ನು ಓದದೆ ಮುಂದೆ ಹೋಗಬೇಡಿ. ಮದ್ಯ ಮೆದುಳನ್ನು ಮಂದ ಮಾಡುತ್ತದೆ. ವರ್ಷಗಟ್ಟಲೆ ದಿನಾ ಕುಡಿದವರ ಮೆದುಳು ಅದನ್ನು ಎದುರಿಸಲು ಸದಾ ಜೋರಾಗಿ ಓಡುತ್ತಿರುತ್ತದೆ. ಮದ್ಯ ದಿಢೀರ್ ನಿಂತರೆ ಆ ಓಟಕ್ಕೆ ತಡೆಯೇ ಇರುವುದಿಲ್ಲ. ಕೊನೆಯ ಪೆಗ್ ಆಗಿ 6 ಗಂಟೆ ಕಳೆಯುವಷ್ಟರಲ್ಲಿ ಕೈ ನಡುಕ, ಬೆವರು, ವಾಕರಿಕೆ ಶುರುವಾಗಬಹುದು. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಬುದ್ಧಿ ಕಲಸಿದಂತಾಗಿ, ಇಲ್ಲದ್ದೆಲ್ಲ ಕಾಣುತ್ತದೆ. ಇದಕ್ಕೆ ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು.

ನಮ್ಮ ಭಾವ ಅಯ್ಯಪ್ಪನ ಮಾಲೆ ಹಾಕಿದ ದಿನವೇ ಕುಡಿತ ನಿಲ್ಲಿಸಿದರು. ಮನೆಯವರಿಗೆಲ್ಲ ಖುಷಿ. ಮೂರನೇ ರಾತ್ರಿ ಗೋಡೆ ತುಂಬ ಇರುವೆ ಹರಿಯುತ್ತಿವೆ ಎಂದು ಟವೆಲ್‌ನಿಂದ ಒರೆಸಲು ಶುರು ಮಾಡಿದರು. ಗೋಡೆಯಲ್ಲಿ ಏನೂ ಇರಲಿಲ್ಲ. ಹೊದಿಕೆಯಿಂದ ಏನೋ ಹೆಕ್ಕಿ ಹೆಕ್ಕಿ ಬಿಸಾಡುತ್ತಿದ್ದರು. ಅಕ್ಕನನ್ನೇ ಯಾರು ನೀನು ಅಂದರು. ಗಾಳಿ ಸೋಕಿರಬೇಕು ಅಂತ ಹಿರಿಯರೊಬ್ಬರು ಹೇಳಿದರು, ತಾಯತ ಕಟ್ಟಿಸಿದೆವು. ಅಷ್ಟರಲ್ಲಿ ಒಂದು ಇಡೀ ದಿನ ಹೋಯಿತು. ಆಸ್ಪತ್ರೆಗೆ ಸೇರಿಸಿದಾಗ ಜ್ವರ ಏರಿತ್ತು, ಮೈಯೆಲ್ಲಾ ನಡುಗುತ್ತಿತ್ತು. ಪುಣ್ಯಕ್ಕೆ ಉಳಿದರು.

ಆದ್ದರಿಂದ ಈ ಕೆಳಗಿನವರು ವೈದ್ಯರನ್ನು ಕಾಣುವವರೆಗೆ ತಾವಾಗಿಯೇ ಪೂರ್ತಿ ನಿಲ್ಲಿಸಬಾರದು. ಇದು ಕುಡಿಯಲು ಸಿಕ್ಕ ರಜೆ ಅಲ್ಲ. ಒಂದೆರಡು ದಿನದೊಳಗೆ ಆಸ್ಪತ್ರೆಗೆ ಹೋಗಲೇಬೇಕು ಎಂದರ್ಥ.

- ಬೆಳಗ್ಗೆ ಕುಡಿಯದಿದ್ದರೆ ಕೈ ನಡುಗುವವರು
- ದಿನಾ ಒಂದು ಕ್ವಾರ್ಟರ್ ಅಥವಾ ಅದಕ್ಕಿಂತ ಜಾಸ್ತಿ ಕುಡಿಯುವವರು
- ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು, ಇಲ್ಲದ್ದು ಕಂಡವರು
- ಲಿವರ್, ಹೃದಯ, ಶುಗರ್ ತೊಂದರೆ ಇರುವವರು, ಗರ್ಭಿಣಿಯರು

ಈಗಾಗಲೇ ನಿಲ್ಲಿಸಿಬಿಟ್ಟಿದ್ದು ಮೈ ನಡುಗುತ್ತಿದ್ದರೆ ಉಳಿದ ಹಂತ ಬಿಡಿ. ಇವತ್ತೇ ಆಸ್ಪತ್ರೆಗೆ ಹೋಗಿ.

## ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಒಂದು ಚಿಕ್ಕ ನೋಟ್‌ಬುಕ್, ಪೆನ್ನು. ಆಧಾರ್ ಮತ್ತು ರೇಷನ್ ಕಾರ್ಡ್. ಹಳೆಯ ಆಸ್ಪತ್ರೆ ಚೀಟಿ, ರಕ್ತ ಪರೀಕ್ಷೆ ವರದಿ ಇದ್ದರೆ ಅವು. ಈಗ ನುಂಗುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿ, ಅಥವಾ ಸುಮ್ನೆ ಆ ಮಾತ್ರೆಗಳನ್ನೇ ಒಂದು ಕವರ್‌ಗೆ ಹಾಕಿಕೊಳ್ಳಿ. ಮತ್ತೆ, ಜೊತೆಗೆ ಬರುವ ಒಬ್ಬರು.

## ಹಂತ 1: ನಾಲ್ಕು ಪ್ರಶ್ನೆ ಕೇಳಿಕೊಳ್ಳಿ

"ನಾನೇನು ಕುಡುಕನಾ?" ಎಂಬ ಪ್ರಶ್ನೆ ಬಿಟ್ಟುಬಿಡಿ. ಅದರಿಂದ ಜಗಳ ಮಾತ್ರ ಹುಟ್ಟುತ್ತದೆ. ವೈದ್ಯರು ಕೇಳುವ ಈ ನಾಲ್ಕನ್ನು ಕೇಳಿಕೊಳ್ಳಿ.

1. ಕುಡಿತ ಕಡಿಮೆ ಮಾಡಬೇಕು ಅಂತ ಎಂದಾದರೂ ಅನಿಸಿದೆಯಾ?
2. ಯಾರಾದರೂ ನಿಮ್ಮ ಕುಡಿತದ ಮಾತೆತ್ತಿದರೆ ಸಿಟ್ಟು ಬರುತ್ತದಾ?
3. ಕುಡಿದಿದ್ದಕ್ಕೆ ಆಮೇಲೆ ತಪ್ಪು ಮಾಡಿದೆ ಅಂತ ಮನಸ್ಸು ಚುಚ್ಚಿದೆಯಾ?
4. ಎದ್ದ ಕೂಡಲೇ ಕೈ ನಡುಕ, ತಲೆಭಾರ ಇಳಿಸಲು ಕುಡಿದಿದ್ದೀರಾ?

ಎರಡಕ್ಕೆ ಹೌದು ಅಂದರೂ ವೈದ್ಯರ ಹತ್ತಿರ ಮಾತಾಡಲು ಅಷ್ಟು ಸಾಕು. ನಾಲ್ಕನೆಯದಕ್ಕೆ ಹೌದು ಅಂದರೆ ತಡ ಮಾಡಬೇಡಿ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಎಂಬ 10 ಪ್ರಶ್ನೆಗಳ ಪಟ್ಟಿಯನ್ನೂ ಕೇಳಬಹುದು. ಅದರಲ್ಲಿ ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದರೆ ಕುಡಿತ ಹಾನಿ ಮಾಡುವ ಮಟ್ಟಕ್ಕೆ ಬಂದಿದೆ ಅಂತ ಲೆಕ್ಕ. 20 ಮುಟ್ಟಿದರೆ ಕುಡಿತದ ಚಟ ಅಂಟಿದೆಯಾ ಅಂತ ಪೂರ್ತಿ ತಪಾಸಣೆ ಮಾಡುತ್ತಾರೆ.

## ಹಂತ 2: ಏಳು ದಿನದ ಲೆಕ್ಕ ಬರೆಯಿರಿ

ಹೆಚ್ಚಿನವರು ಹಾರಿಸಿಬಿಡುವುದು ಇದನ್ನೇ. ನನ್ನ ಪ್ರಕಾರ ಉಳಿದ ಎಲ್ಲಾ ಹಂತಗಳಿಗಿಂತ ಇದರ ತೂಕ ಜಾಸ್ತಿ. "ಸ್ವಲ್ಪ", "ಲೈಟಾಗಿ", "ಯಾವಾಗಾದ್ರೂ" ಎಂಬ ಮಾತುಗಳಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ದಿನ, ಎಷ್ಟು ಮಾತ್ರೆ ಕೊಡಬೇಕು, ಮನೆಯಲ್ಲೇ ಬಿಡಿಸಬಹುದಾ, ಅಡ್ಮಿಟ್ ಆಗಬೇಕಾ, ಇದೆಲ್ಲ ತೀರ್ಮಾನವಾಗುವಾಗ ಈ ಲೆಕ್ಕ ಕೈಯಲ್ಲಿರಬೇಕು.

ದಿನಕ್ಕೆ ಒಂದು ಸಾಲು ಸಾಕು. ಗಂಟೆ, ಏನು, ಎಷ್ಟು. ಭಾವನ ಪುಸ್ತಕದ ಒಂದು ಸಾಲು ಹೀಗಿತ್ತು: "ಮಂಗಳವಾರ. ಬೆಳಗ್ಗೆ 6ಕ್ಕೆ ನೈಂಟಿ. ಮಧ್ಯಾಹ್ನ 1ಕ್ಕೆ ನೈಂಟಿ. ರಾತ್ರಿ ಕ್ವಾರ್ಟರ್. ಊಟ ಇಲ್ಲ." ಆ "ಊಟ ಇಲ್ಲ" ಎಂಬುದನ್ನು ಬರೆದಿದ್ದು ಒಳ್ಳೆಯದಾಯಿತು. ಯಾಕೆ ಅಂತ ಆರನೇ ಹಂತದಲ್ಲಿ ಹೇಳುತ್ತೇನೆ.

ಪೆಗ್ಗಿನಲ್ಲಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಮನೆಯಲ್ಲಿ ಸುರಿದುಕೊಳ್ಳುವ ಪೆಗ್ಗಿಗೆ ಅಳತೆ ಎಲ್ಲಿದೆ? ಎಂಎಲ್ ಲೆಕ್ಕ ಹಿಡಿಯಿರಿ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ ಸಾಮಾನ್ಯವಾಗಿ 42.8 ಶೇಕಡಾ ಆಲ್ಕೋಹಾಲ್ ಇರುತ್ತದೆ. ಅಂದರೆ 30 ಎಂಎಲ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ನೈಂಟಿಯಲ್ಲಿ 30 ಗ್ರಾಂ. 180 ಎಂಎಲ್ ಕ್ವಾರ್ಟರಿನಲ್ಲಿ 60 ಗ್ರಾಂ.

"ನಾನು ಬಿಯರ್ ಅಷ್ಟೇ" ಅನ್ನುವವರು ಇದನ್ನು ನೋಡಿ. 8 ಶೇಕಡಾದ ಸ್ಟ್ರಾಂಗ್ ಬಿಯರ್, 650 ಎಂಎಲ್ ಬಾಟಲಿಯಲ್ಲಿ ಸುಮಾರು 40 ಗ್ರಾಂ ಇರುತ್ತದೆ. ಎರಡು ಬಾಟಲಿ ಕುಡಿದರೆ ಒಂದು ಕ್ವಾರ್ಟರನ್ನು ದಾಟಿಬಿಟ್ಟಿರಿ.

ಬೆಳಗ್ಗೆಯೂ ಕುಡಿಯುವವರು, ಮೇಲಿನ ಅಪಾಯದ ಪಟ್ಟಿಯಲ್ಲಿರುವವರು ಏಳು ದಿನ ಕಾಯಬೇಡಿ. ನಿನ್ನೆ, ಮೊನ್ನೆ, ಆಚೆ ಮೊನ್ನೆಯದನ್ನು ನೆನಪಿಸಿಕೊಂಡು ಬರೆದು ಹೊರಡಿ.

## ಹಂತ 3: ಒಬ್ಬರಿಗೆ ಮಾತ್ರ ಹೇಳಿ

ಇಡೀ ಮನೆಯನ್ನು ಕೂರಿಸಿಕೊಂಡು ಪ್ರತಿಜ್ಞೆ ಮಾಡಬೇಡಿ. ಅಲ್ಲಿ ಹಳೆಯ ಲೆಕ್ಕವೆಲ್ಲ ಎದ್ದು ಬರುತ್ತದೆ. ಬೈಯದೆ ಕೇಳುವ ಒಬ್ಬರನ್ನು ಹುಡುಕಿ. ಹೆಂಡತಿಯೇ ಆಗಬೇಕು ಅಂತಿಲ್ಲ. ತಮ್ಮ, ಗೆಳೆಯ, ಪಕ್ಕದ ಮನೆಯ ಅಣ್ಣ, ಊರಿನ ಆಶಾ ಕಾರ್ಯಕರ್ತೆ, ಯಾರಾದರೂ ಸರಿ. ಜೊತೆಯಲ್ಲಿ ಕೂತು ಕುಡಿಯುವವರು ಮಾತ್ರ ಬೇಡ.

ಹೇಳುವ ಸಮಯ ಬೆಳಗ್ಗೆ ಇರಲಿ. ಕುಡಿದಾಗ ಹೇಳಿದ ಮಾತನ್ನು ಯಾರೂ ನಂಬುವುದಿಲ್ಲ. ಉದ್ದ ಭಾಷಣವೂ ಬೇಡ. "ನನ್ನ ಕೈಲಿ ಒಬ್ಬನೇ ಆಗ್ತಿಲ್ಲ. ಗುರುವಾರ ಆಸ್ಪತ್ರೆಗೆ ನನ್ನ ಜೊತೆ ಬರ್ತೀಯಾ?" ಅಂದರೆ ಸಾಕು. ದಿನದ ಹೆಸರು ಹೇಳುವುದು ಮುಖ್ಯ. "ಯಾವಾಗಾದ್ರೂ ಹೋಗೋಣ" ಅಂದರೆ ಹೋಗುವುದಿಲ್ಲ.

ಕುಡಿಯುವ ಹೆಣ್ಣುಮಕ್ಕಳಿಗೆ ಈ ಹಂತ ತುಂಬಾ ಕಷ್ಟ, ನನಗೆ ಗೊತ್ತು. ಊರು ಏನಂದುಕೊಳ್ಳುತ್ತದೋ ಎಂಬ ಭಯಕ್ಕೆ ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಹಾಗಿದ್ದರೆ ಈ ಹಂತ ಬಿಟ್ಟು ಸೀದಾ ಮುಂದಿನದಕ್ಕೆ ಹೋಗಿ.

## ಹಂತ 4: ಫೋನ್ ಮಾಡಿ

14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿಮನಸ್ ಸಹಾಯವಾಣಿ. ಹಗಲೂ ರಾತ್ರಿ ಇರುತ್ತದೆ, ಹಣ ಇಲ್ಲ, ಕನ್ನಡದಲ್ಲಿ ಮಾತಾಡಬಹುದು. ಚಟ ಬಿಡಿಸಲೆಂದೇ ಇರುವ ಇನ್ನೊಂದು ರಾಷ್ಟ್ರೀಯ ಸಹಾಯವಾಣಿ 14446.

ಕರೆ ಹೋದ ಮೇಲೆ ಬಾಯಿ ಕಟ್ಟಿಹೋಗುತ್ತದೆ, ಅದು ಸಹಜ. ಮೊದಲ ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಓದಿಬಿಡಿ: "ನಾನು ದಿನಾ ಇಷ್ಟು ಕುಡಿಯುತ್ತೇನೆ. ಬಿಡಬೇಕು ಅಂತಿದ್ದೇನೆ. ನಮ್ಮ ತಾಲ್ಲೂಕಿನಲ್ಲಿ ಎಲ್ಲಿಗೆ, ಯಾವ ದಿನ ಹೋಗಬೇಕು?" ಈ ಕರೆಯಿಂದ ನಿಮಗೆ ಸಿಗಬೇಕಾದ್ದು ಎರಡೇ: ಜಾಗ, ದಿನ. ಅದನ್ನು ಬರೆದುಕೊಂಡ ಮೇಲೆ ಉಳಿದ ಮಾತು.

## ಹಂತ 5: ಎಲ್ಲಿಗೆ ಹೋಗಬೇಕು

ಹತ್ತಿರದಿಂದ ಶುರು ಮಾಡಿ. ದೂರದ ದೊಡ್ಡ ಆಸ್ಪತ್ರೆಗೇ ಹೋಗುತ್ತೇನೆ ಅಂತ ಕಾದು ಕೂತವರು ಹೋಗದೆ ಉಳಿಯುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ, ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಗೊತ್ತಾದ ದಿನ ಮನೋವೈದ್ಯರು ಬರುತ್ತಾರೆ. ಇದು ಮಂಗಳವಾರದ ಕ್ಲಿನಿಕ್ ಅಂತಲೇ ಶುರುವಾಗಿದ್ದು, ಆದರೆ ನಿಮ್ಮಲ್ಲಿ ಯಾವ ದಿನ ಅಂತ ಕೇಳಿಯೇ ಹೊರಡಿ. ಕಾಯಿಲೆ ಜೋರಾಗಿದ್ದರೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇವೆ.

"ಹುಚ್ಚಾಸ್ಪತ್ರೆಗೆ ಯಾಕೆ ಹೋಗಲಿ" ಅನ್ನುವವರು ಈಗಲೂ ಇದ್ದಾರೆ. ಕುಡಿತದ ಚಟಕ್ಕೆ ಮದ್ದು ಕೊಡುವುದು ಮನೋವೈದ್ಯರ ದಿನನಿತ್ಯದ ಕೆಲಸ. ಹೋದ ವಿಷಯ ಆಫೀಸಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆ ಇದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿಡಿಸುವ ಹಕ್ಕು ನಿಮಗಿದೆ.

ಊರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಬಿಟ್ಟವರಿದ್ದಾರೆ. ಅಲ್ಲಿ ಸಿಗುವ ಜೊತೆ ದೊಡ್ಡದು. ಆದರೆ ಮೇಲಿನ ಅಪಾಯದ ಪಟ್ಟಿಯಲ್ಲಿ ನೀವಿದ್ದರೆ ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ಶಿಬಿರ.

ಖಾಸಗಿ ಡಿ-ಅಡಿಕ್ಷನ್ ಸೆಂಟರಿಗೆ ಸೇರುವುದಾದರೆ ಹಣ ಕಟ್ಟುವ ಮೊದಲು ಇಷ್ಟು ಕೇಳಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸುತ್ತಾರಾ? ಮನೋವೈದ್ಯರು ಯಾವ ದಿನ ಬರುತ್ತಾರೆ? ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ? ಮನೆಯವರು ಬಂದು ನೋಡಬಹುದಾ? ಒಟ್ಟು ಖರ್ಚು ಬರೆದು ಕೊಡುತ್ತಾರಾ? "ರಾತ್ರಿ ವ್ಯಾನ್ ಕಳಿಸಿ ಎತ್ಕೊಂಡು ಬರ್ತೀವಿ, ಮೂರು ತಿಂಗಳು ನೀವು ಬರಬೇಡಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಇದೇ ಕಾಯ್ದೆ ಪೂರ್ತಿ ನಿಷೇಧಿಸಿದೆ.

## ಹಂತ 6: ಡಾಕ್ಟರ್ ಮುಂದೆ ನಿಜ ಹೇಳಿ

ಎರಡನೇ ಸಲ ಭಾವನನ್ನು ಕರೆದುಕೊಂಡು ಹೋದಾಗ ನಡೆದದ್ದು ಇದು. ಸಾಲಿನಲ್ಲಿ ಎರಡು ಗಂಟೆ ನಿಂತು ಒಳಗೆ ಹೋದೆವು.

"ದಿನಾ ಎಷ್ಟು ತಗೋತೀರಿ?" ಎಂದರು ಡಾಕ್ಟರ್.

"ಸ್ವಲ್ಪ, ಸಾರ್. ಮೈಕೈ ನೋವಿದ್ದಾಗ ಮಾತ್ರ" ಎಂದರು ಭಾವ.

ಅಕ್ಕ ನೆಲ ನೋಡುತ್ತಾ ಕೂತಳು. "ಭಾವ, ಪುಸ್ತಕ ಕೊಡಿ" ಎಂದೆ. ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರ್ ಪುಟ ತಿರುಗಿಸಿದರು, ಮುಖದಲ್ಲಿ ಸಿಟ್ಟು ಕಾಣಲಿಲ್ಲ. "ಎರಡೂ ಕೈ ಮುಂದೆ ಚಾಚಿ" ಎಂದರು. ಬೆರಳುಗಳು ನಡುಗುತ್ತಿದ್ದವು. "ಕೊನೇದು ಎಷ್ಟು ಗಂಟೆಗೆ ಆಯ್ತು?" ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತು ಬೆಳಗ್ಗೆ ಆರಕ್ಕೆ, ಸಾರ್" ಎಂದರು. ಚಿಕಿತ್ಸೆ ಶುರುವಾಗಿದ್ದು ಆ ಉತ್ತರದಿಂದ.

ನೀವೇ ಹೇಳಬೇಕಾದ ವಿಷಯ ಇವು, ಅವರು ಕೇಳದಿದ್ದರೂ ಹೇಳಿ:

1. ದಿನಾ ಎಷ್ಟು, ಎಷ್ಟು ವರ್ಷದಿಂದ.
2. ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ.
3. ಹಿಂದೆ ಬಿಟ್ಟಾಗ ಏನಾಯಿತು. ಫಿಟ್ಸ್ ಬಂದಿತ್ತಾ?
4. ಊಟ ಸರಿಯಾಗಿ ಮಾಡುತ್ತಿದ್ದೀರಾ.
5. ನಿದ್ದೆ ಮಾತ್ರೆ, ನೋವಿನ ಮಾತ್ರೆ, ಬೇರೆ ಯಾವುದಾದರೂ ನಶೆ ಬರಿಸುವ ವಸ್ತು.
6. ರಕ್ತ ವಾಂತಿ, ಕಪ್ಪು ಮಲ, ಕಣ್ಣು ಹಳದಿಯಾಗಿದ್ದು ಉಂಟಾ.
7. ಸಾಯಬೇಕು ಅಂತ ಅನಿಸಿದೆಯಾ. ಇದನ್ನು ಮುಚ್ಚಿಡಬೇಡಿ.

ಊಟದ ವಿಷಯ ಯಾಕೆ ಅಂದರೆ, ಊಟ ಬಿಟ್ಟು ಕುಡಿಯುವವರಲ್ಲಿ ಥಯಮಿನ್, ಅಂದರೆ ವಿಟಮಿನ್ ಬಿ1 ಬರಿದಾಗಿರುತ್ತದೆ. ಅದಿಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ನಮ್ಮಲ್ಲಿ ಸುಸ್ತು ಅಂದರೆ ಸಾಕು, ಹತ್ತಿರದ ಕ್ಲಿನಿಕ್ಕಿಗೆ ಹೋಗಿ "ಒಂದು ಗ್ಲೂಕೋಸ್ ಹಾಕಿ" ಅನ್ನುತ್ತೇವೆ, ಅಲ್ವಾ? ಕುಡಿತದ ವಿಷಯ ಹೇಳದೆ ಹಾಗೆ ಹಾಕಿಸಿಕೊಳ್ಳಬೇಡಿ.

ಸಾಮಾನ್ಯವಾಗಿ ರಕ್ತ ಪರೀಕ್ಷೆ, ಲಿವರ್ ಪರೀಕ್ಷೆ ಮಾಡಿಸುತ್ತಾರೆ. ನಡುಕ, ಫಿಟ್ಸ್ ತಡೆಯಲು ಕೆಲವು ದಿನದ ಮಾತ್ರೆ ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ. ಆ ಮಾತ್ರೆಯ ಜೊತೆ ಕುಡಿಯಬಾರದು, ಉಸಿರಿಗೇ ತೊಂದರೆಯಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಅದನ್ನೇ ಮತ್ತೆ ಮತ್ತೆ ಕೊಂಡು ನುಂಗುವುದೂ ಬೇಡ, ಅದು ಇನ್ನೊಂದು ಚಟವಾಗಿ ಅಂಟಿಕೊಳ್ಳುತ್ತದೆ.

## ಹಂತ 7: ಮೊದಲ ಎರಡು ವಾರ

ನಡುಕ ನಿಂತರೆ ವಾಸಿಯಾಯಿತು ಎಂದುಕೊಳ್ಳುವುದು ದೊಡ್ಡ ತಪ್ಪು. ಮೊದಲ ಸಲ ನಾವೂ ಅದನ್ನೇ ಮಾಡಿದೆವು. ಮನೆಗೆ ಬಂದ ಭಾವ ಮತ್ತೆ ಆಸ್ಪತ್ರೆಯ ಕಡೆ ಹೋಗಲಿಲ್ಲ, ನಾವೂ ನೆನಪಿಸಲಿಲ್ಲ. ನಾಲ್ಕು ತಿಂಗಳಿಗೆ ಕುಡಿತ ಮೊದಲಿನಂತಾಯಿತು. ಮೈಯಿಂದ ಮದ್ಯ ಇಳಿಸುವುದು ಒಂದು ವಾರದ ಕೆಲಸ. ಆಸೆ ಇಳಿಸಲು ತಿಂಗಳುಗಳು ಬೇಕು. ಅದಕ್ಕೂ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ. ಯಾವುದು ಅಂತ ಲಿವರ್, ಕಿಡ್ನಿ ನೋಡಿ ಡಾಕ್ಟರ್ ಹೇಳುತ್ತಾರೆ.

ಆಸ್ಪತ್ರೆಯಿಂದ ಹೊರಡುವ ಮುಂಚೆ ಮುಂದಿನ ತಾರೀಖು ಬರೆಸಿಕೊಳ್ಳಿ. ಸಂಜೆ ಕುಡಿಯುವ ಹೊತ್ತಿಗೆ ಹಸಿದಿರಬೇಡಿ, ಏನಾದರೂ ತಿನ್ನಿ. ಅಂಗಡಿ ಇರುವ ರಸ್ತೆ ಬಿಟ್ಟು ಬೇರೆ ದಾರಿ ಹಿಡಿಯಿರಿ. ಕೂಲಿ ಹಣ ಬರುವ ದಿನ ಯಾರಾದರೂ ಜೊತೆಗಿರಲಿ. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗೆ ಒಮ್ಮೆ ಹೋಗಿ ಕೂತು ನೋಡಿ. ಶುಲ್ಕ ಇಲ್ಲ, ಮನೆತನ ಕೇಳುವುದಿಲ್ಲ, ಬಿಡಬೇಕೆಂಬ ಮನಸ್ಸಿದ್ದರೆ ಸಾಕು. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆ ಗುಂಪಿದೆ.

## ಮನೆಯವರು ಮಾಡುವ ತಪ್ಪುಗಳು

ಮೊದಲನೆಯದು, ಊಟದಲ್ಲಿ ಕದ್ದು ಔಷಧಿ ಬೆರೆಸುವುದು. "ಕುಡಿಯುವವರಿಗೆ ತಿಳಿಯದಂತೆ ಬಿಡಿಸುತ್ತೇವೆ" ಎಂಬ ಗೋಡೆ ಬರಹ ನಂಬಿ ಪುಡಿ ತರುತ್ತಾರೆ. ಅದರಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಪುಡಿ ಮಾಡಿ ಹಾಕುವವರೂ ಇದ್ದಾರೆ. ಅದು ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಬಡಿತ ಏರಿ, ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಅದರ ಪ್ರಭಾವ ಇರಬಹುದು. ರೋಗಿಗೆ ತಿಳಿಸಿ, ಒಪ್ಪಿಸಿ, ವೈದ್ಯರೇ ಬರೆದುಕೊಟ್ಟಾಗ ಮಾತ್ರ ಅದನ್ನು ಕೊಡಬೇಕು.

ಎರಡನೆಯದು, ರೂಮಿನಲ್ಲಿ ಕೂಡಿ ಹಾಕಿ ಬಿಡಿಸುವುದು. ಮೊದಲೇ ಹೇಳಿದ ಫಿಟ್ಸ್ ಬರುವುದು ಆ ಬೀಗ ಹಾಕಿದ ಬಾಗಿಲ ಹಿಂದೆ.

ಮೂರನೆಯದು, ಕುಡಿದು ಬಂದಾಗಲೇ ಬುದ್ಧಿ ಹೇಳುವುದು. ಅಕ್ಕ ವರ್ಷಗಟ್ಟಲೆ ರಾತ್ರಿ ಜಗಳ ಮಾಡಿದಳು. ಕೆಲಸಕ್ಕೆ ಬಂದದ್ದು ಒಂದು ಬೆಳಗ್ಗೆ ಕಾಫಿ ಕೊಟ್ಟು, "ರೀ, ನನಗೆ ಭಯ ಆಗ್ತಿದೆ. ಗುರುವಾರ ಹೋಗಿ ಬರೋಣ್ವಾ?" ಎಂದು ಕೇಳಿದ ಮಾತು. ಹೊಡೆತ ಬಡಿತ ಇರುವ ಮನೆಯಾದರೆ ಮಾತು ಆಮೇಲೆ. ಮೊದಲು ನೀವು, ಮಕ್ಕಳು ಸುರಕ್ಷಿತ ಜಾಗಕ್ಕೆ ಹೋಗಿ. 112ಕ್ಕೆ ಕರೆ ಮಾಡಿ.

## ಇವು ಕಂಡರೆ ಕಾಯಬೇಡಿ, 108ಕ್ಕೆ ಕರೆ ಮಾಡಿ

- ಫಿಟ್ಸ್. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಕಬ್ಬಿಣ, ಬೀಗದ ಕೈ ಕೊಡುತ್ತಾ ಹೊತ್ತು ಕಳೆಯಬೇಡಿ.
- ಇಲ್ಲದ್ದು ಕಾಣುವುದು, ಕೇಳುವುದು, ಮನೆಯವರ ಗುರುತು ತಪ್ಪುವುದು.
- ನಡುಕದ ಜೊತೆ ಜ್ವರ, ವಿಪರೀತ ಬೆವರು.
- ನಡಿಗೆ ತೂರಾಡುವುದು, ಕಣ್ಣಿಗೆ ಎಲ್ಲಾ ಎರಡೆರಡಾಗಿ ಕಾಣುವುದು, ಅದೂ ಕುಡಿಯದೇ ಇದ್ದಾಗ.
- ರಕ್ತ ವಾಂತಿ, ಟಾರಿನಂಥ ಕಪ್ಪು ಮಲ.
- ಎಬ್ಬಿಸಿದರೂ ಏಳದಿರುವುದು. ಮಲಗಿ ಸರಿಹೋಗುತ್ತಾರೆ ಅಂತ ಬಿಡಬೇಡಿ.
- ಸಾಯುವ ಮಾತು.

## ಮತ್ತೆ ಕುಡಿದುಬಿಟ್ಟರೆ

ಇದು ತುಂಬಾ ಜನಕ್ಕೆ ಆಗುತ್ತದೆ. ಎಲ್ಲಾ ಹಾಳಾಯಿತು ಎಂದು ಚೀಟಿ ಹರಿದು ಹಾಕಬೇಡಿ. ಮರುದಿನವೇ ಲೆಕ್ಕದ ಪುಸ್ತಕ ತೆಗೆದು ಎಷ್ಟು, ಎಷ್ಟು ಗಂಟೆಗೆ, ಯಾರ ಜೊತೆ ಅಂತ ಬರೆಯಿರಿ. ನಾಚಿಕೆಯಿಂದ ಬೇರೆ ಆಸ್ಪತ್ರೆ ಹುಡುಕಿಕೊಂಡು ಹೋದರೆ ಎಲ್ಲಾ ಮೊದಲಿನಿಂದ ಶುರುವಾಗುತ್ತದೆ. ಹಳೇ ಚೀಟಿ ಹಿಡಿದು ಅದೇ ಓಪಿಡಿಗೆ ಹೋಗಿ.

ಕಳೆದ ವರ್ಷ ಭಾವ ಒಂದು ಮದುವೆ ಮನೆಯಲ್ಲಿ ಜಾರಿದರು. ಮೂರನೇ ದಿನ ನನ್ನನ್ನು ಕರೆಯದೆ ಅಕ್ಕನ ಜೊತೆ ತಾವೇ ಆಸ್ಪತ್ರೆಗೆ ಹೋಗಿದ್ದರು. ಡಾಕ್ಟರ್ ಕೇಳುವ ಮೊದಲೇ ಪುಸ್ತಕ ಮೇಜಿನ ಮೇಲಿಟ್ಟು ಹೇಳಿದರಂತೆ: "ಭಾನುವಾರ ಎರಡು ನೈಂಟಿ, ಸಾರ್. ಸೋಮವಾರ ಒಂದು ಕ್ವಾರ್ಟರ್. ಕೊನೇದು ನಿನ್ನೆ ರಾತ್ರಿ ಒಂಬತ್ತಕ್ಕೆ."